ರಜಾ ಕ್ಯಾರವಾನ್ ಪಾರ್ಕನ್ನು ತೊರೆಯುವ ಕ್ರಮ
ನೋಟಿಸು ಮೊದಲ ಹೆಜ್ಜೆಯಲ್ಲ, ಕೊನೆಯ ಹೆಜ್ಜೆ

ಲಿಂಕನ್‌ಶೈರಿನ ಸ್ಕೆಗ್‌ನೆಸ್, ಉತ್ತರ ವೇಲ್ಸ್‌ನ ರಿಲ್ ಮೊದಲಾದ ಬ್ರಿಟನ್ನಿನ ಕಡಲತೀರದ ಊರುಗಳಲ್ಲಿ ಸಾಲುಸಾಲಾಗಿ ನಿಂತಿರುವ ರಜಾ ಕ್ಯಾರವಾನ್‌ಗಳು ಚಕ್ರವಿದ್ದೂ ಚಲಿಸದ ಮನೆಗಳು. ಕಾರಿಗೆ ಕಟ್ಟಿ ಎಳೆದೊಯ್ಯುವ ಟೂರಿಂಗ್ ಕ್ಯಾರವಾನ್‌ಗಿಂತ ಭಿನ್ನವಾದ ಇವನ್ನು ‘ಸ್ಟ್ಯಾಟಿಕ್’ ಎಂದು ಕರೆಯುತ್ತಾರೆ; ಲಾರಿಯಲ್ಲಿ ತಂದು, ‘ಪಿಚ್’ ಎಂಬ ಗೊತ್ತುಪಡಿಸಿದ ಜಾಗದಲ್ಲಿ ಇಳಿಸಿ, ನೀರು, ವಿದ್ಯುತ್, ಅನಿಲ ಮತ್ತು ಒಳಚರಂಡಿಗೆ ಜೋಡಿಸುತ್ತಾರೆ. ಕ್ಯಾರವಾನ್ ಕೊಂಡವರ ಸ್ವತ್ತು, ಪಿಚ್ ಪಾರ್ಕಿನ ಸ್ವತ್ತು. ಮನೆ ಒಬ್ಬರದು ನೆಲ ಇನ್ನೊಬ್ಬರದು ಎಂಬ ಈ ಏರ್ಪಾಡಿನಲ್ಲಿ ಪ್ರವೇಶ ಸುಲಭ, ನಿರ್ಗಮನ ಕಷ್ಟ. ಏಕೆಂದರೆ ಕ್ಯಾರವಾನಿನ ಬೆಲೆಯ ದೊಡ್ಡ ಪಾಲು ಅದು ನಿಂತಿರುವ ಜಾಗದಿಂದ ಬಂದದ್ದು, ಆ ಜಾಗದ ಹಕ್ಕು ಮುಗಿದೊಡನೆ ಬೆಲೆಯೂ ಕುಸಿಯುತ್ತದೆ.

ಈ ಹಕ್ಕಿನ ಸ್ವರೂಪವನ್ನು ಮೊದಲು ಅರಿಯಬೇಕು. ಪಾರ್ಕು ಕೊಡುವುದು ಗುತ್ತಿಗೆಯನ್ನಲ್ಲ, ‘ಲೈಸೆನ್ಸ್’ ಅನ್ನು. ಅಂದರೆ ಜಾಗವನ್ನು ಗೊತ್ತಾದ ಅವಧಿಗೆ ಬಳಸಲು ನೀಡುವ ಅನುಮತಿಯನ್ನು. ಭಾರತದಲ್ಲಿ 1882ರ ಆಸ್ತಿ ವರ್ಗಾವಣೆ ಕಾಯ್ದೆ ಗುತ್ತಿಗೆಯನ್ನೂ ಅದೇ ವರ್ಷದ ಈಸ್‌ಮೆಂಟ್ ಕಾಯ್ದೆ ಲೈಸೆನ್ಸನ್ನೂ ಬೇರೆ ಬೇರೆಯಾಗಿ ವ್ಯಾಖ್ಯಾನಿಸಿರುವುದರಿಂದ, ‘ಲೀವ್ ಅಂಡ್ ಲೈಸೆನ್ಸ್’ ಕರಾರು ಕಂಡವರಿಗೆ ಈ ವ್ಯತ್ಯಾಸ ಹೊಸದಲ್ಲ. ಇಂಗ್ಲೆಂಡಿನಲ್ಲಿ ವರ್ಷವಿಡೀ ವಾಸಿಸುವ ‘ಪಾರ್ಕ್ ಹೋಮ್’ಗಳ ಮಾಲೀಕರಿಗೆ 1983ರ ಮೊಬೈಲ್ ಹೋಮ್ಸ್ ಕಾಯ್ದೆಯು ಜಾಗದ ಭದ್ರತೆ ನೀಡಿ, ಮಾರಾಟದಲ್ಲಿ ಪಾರ್ಕಿನ ಕಮಿಷನ್ನಿಗೆ ಶೇ 10ರ ಮಿತಿ ಹಾಕಿದೆ; ರಜಾ ಕ್ಯಾರವಾನ್‌ಗಳಿಗೆ ಆ ರಕ್ಷಣೆಯಿಲ್ಲ. ಅವುಗಳ ಮಟ್ಟಿಗೆ ಕೈಯಲ್ಲಿರುವ ಒಪ್ಪಂದ ಪತ್ರ ಮತ್ತು ಸಾಮಾನ್ಯ ಗ್ರಾಹಕ ಕಾನೂನುಗಳೇ ಆಧಾರ.

1. ಒಪ್ಪಂದ ಪತ್ರದ ಪರಿಶೀಲನೆ
ಪತ್ರದಲ್ಲಿ ಆರು ಸಂಗತಿಗಳನ್ನು ಹುಡುಕಿ ಗುರುತು ಹಾಕಿಕೊಳ್ಳಬೇಕು: ಲೈಸೆನ್ಸಿನಲ್ಲಿ ಉಳಿದಿರುವ ವರ್ಷಗಳು, ಕ್ಯಾರವಾನ್ ಇಷ್ಟು ಹಳೆಯದಾದ ಮೇಲೆ ಪಾರ್ಕಿನಲ್ಲಿ ಇರಕೂಡದೆಂಬ ವಯೋಮಿತಿ, ಮಾರಾಟದ ಕಮಿಷನ್, ಮಾಲೀಕರು ಮಾರಹೊರಟಾಗ ಮೊದಲು ಕೊಳ್ಳುವ ಅವಕಾಶ ಪಾರ್ಕಿಗಿದೆಯೇ ಎಂಬುದು, ಸಂಪರ್ಕ ಕಡಿಯುವ ಶುಲ್ಕ, ನೋಟಿಸಿನ ಅವಧಿ. ಇವುಗಳೊಂದಿಗೆ, ‘ಪಿಚ್ ಫೀ’ ಎಂಬ ವಾರ್ಷಿಕ ನೆಲಬಾಡಿಗೆಯನ್ನು ಮುಂಗಡವಾಗಿ ಕಟ್ಟಿ ವರ್ಷದ ನಡುವೆ ಬಿಟ್ಟರೆ ಉಳಿದ ತಿಂಗಳುಗಳ ಹಣ ಮರಳುವುದೇ ಎಂಬುದನ್ನೂ ನೋಡಬೇಕು. ಮರಳುವುದಿಲ್ಲವೆಂದಾದರೆ ಮುಂದಿನ ಕಂತಿನ ದಿನಾಂಕವೇ ಇಡೀ ಕೆಲಸದ ಗಡುವಾಗುತ್ತದೆ.

2. ಸಾಲದ ಲೆಕ್ಕ
ಕ್ಯಾರವಾನನ್ನು ಹೈರ್ ಪರ್ಚೇಸ್ ಮೂಲಕ, ಅಂದರೆ ಕಂತು ತೀರುವವರೆಗೆ ಒಡೆತನ ಸಾಲದಾತರಲ್ಲೇ ಉಳಿಯುವ ಪದ್ಧತಿಯಲ್ಲಿ ಕೊಂಡಿದ್ದರೆ, ಅವರ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ. ಆದ್ದರಿಂದ ಸಾಲವನ್ನು ಪೂರ್ತಿ ತೀರಿಸಲು ಬೇಕಾದ ಮೊತ್ತವನ್ನು ಮೊದಲೇ ಬರಹದಲ್ಲಿ ಪಡೆಯಬೇಕು. 1974ರ ಗ್ರಾಹಕ ಸಾಲ ಕಾಯ್ದೆಗೆ ಒಳಪಟ್ಟ ಹೈರ್ ಪರ್ಚೇಸ್ ಕರಾರಾದರೆ, ಒಟ್ಟು ಬೆಲೆಯ ಅರ್ಧದಷ್ಟು ಸಂದಾಯವಾದ ಬಳಿಕ ವಸ್ತುವನ್ನು ಮರಳಿಸಿ ಕರಾರನ್ನು ಕೊನೆಗೊಳಿಸುವ ಹಕ್ಕೂ ಇದೆ. ಮಾರಾಟದಿಂದ ಬರುವ ಹಣ ಸಾಲಕ್ಕಿಂತ ಕಡಿಮೆಯಾಗುವಂತಿದ್ದರೆ ಈ ದಾರಿಯನ್ನು ತೂಗಿನೋಡುವುದು ಲೇಸು. ಆದರೆ ಇದರಿಂದ ಮುಗಿಯುವುದು ಸಾಲದ ಕರಾರು ಮಾತ್ರ, ಪಿಚ್‌ನ ಲೈಸೆನ್ಸ್ ಅಲ್ಲ.

3. ಮೂರು ದಾರಿಗಳ ಹೋಲಿಕೆ
ಕ್ಯಾರವಾನನ್ನು ಪಾರ್ಕಿಗೇ ಮಾರುವುದು, ನಿಂತಲ್ಲೇ ಹೊರಗಿನವರಿಗೆ ಮಾರುವುದು, ಪಾರ್ಕಿನಿಂದ ಹೊರಗೆ ಸಾಗಿಸುವುದು ಎಂಬ ಮೂರು ದಾರಿಗಳಿದ್ದು, ಪ್ರತಿಯೊಂದರಲ್ಲೂ ಖರ್ಚು ಕಳೆದು ಕೈಗೆ ಬರುವ ಮೊತ್ತವನ್ನೇ ಹೋಲಿಸಬೇಕು. ಪಾರ್ಕಿಗೆ ಮಾರುವುದು ಬೇಗ ಮುಗಿಯುವ ಕೆಲಸ, ಆದರೆ ಪಾರ್ಕು ಮರುಮಾರಾಟದ ಲಾಭವನ್ನು ಇಟ್ಟುಕೊಂಡೇ ಬೆಲೆ ಕಟ್ಟುವುದರಿಂದ ಮಾಲೀಕರ ನಿರೀಕ್ಷೆಗೂ ಅದಕ್ಕೂ ಅಂತರ ದೊಡ್ಡದು. ಹೊರಗಿನವರಿಗೆ ನಿಂತಲ್ಲೇ ಮಾರಿದರೆ ಸಾಮಾನ್ಯವಾಗಿ ಶೇ 15ರವರೆಗೆ ಕಮಿಷನ್, ಅದರ ಮೇಲೆ ವ್ಯಾಟ್ ತೆರಬೇಕಾಗುತ್ತದೆ. ಉದಾಹರಣೆಗೆ 20,000 ಪೌಂಡಿಗೆ ಮಾರಾಟವಾದರೆ ಕಮಿಷನ್ 3,000, ಅದರ ಮೇಲೆ ಶೇ 20ರ ವ್ಯಾಟ್ 600, ಉಳಿಯುವುದು 16,400 ಪೌಂಡ್. ಕೊಳ್ಳುವವರನ್ನು ಪಾರ್ಕು ಒಪ್ಪಬೇಕು; ಲೈಸೆನ್ಸಿನ ಎಷ್ಟು ವರ್ಷ ಅವರಿಗೆ ಸಿಗುವುದೆಂದು ಪಾರ್ಕಿನಿಂದ ಬರಹದಲ್ಲಿ ಪಡೆಯದೆ ಮುಂಗಡ ಸ್ವೀಕರಿಸಿದರೆ, ಮುಂದಿನ ವ್ಯಾಜ್ಯದ ಬೀಜವನ್ನು ಅಲ್ಲಿಯೇ ಬಿತ್ತಿದಂತಾಗುತ್ತದೆ.

4. ಸಾಗಣೆಯ ಸಿದ್ಧತೆ
ಕಮಿಷನ್ ಉಳಿಯುವುದೆಂಬ ಕಾರಣಕ್ಕೆ ಸಾಗಣೆ ಆಕರ್ಷಕವೆನಿಸಿದರೂ, ಹೊರಗಿನಿಂದ ಬರುವ ಹಳೆಯ ಕ್ಯಾರವಾನ್‌ಗಳನ್ನು ಅನೇಕ ಪಾರ್ಕುಗಳು ಸೇರಿಸಿಕೊಳ್ಳುವುದಿಲ್ಲ. ಹೀಗಾಗಿ ಇಳಿಸುವ ಜಾಗ ಖಚಿತವಾಗದೆ ಲಾರಿಯನ್ನು ಗೊತ್ತುಮಾಡಬಾರದು. ಅನಿಲದ ಸಂಪರ್ಕವನ್ನು ಗ್ಯಾಸ್ ಸೇಫ್ ನೋಂದಣಿಯಲ್ಲಿರುವ ತಂತ್ರಜ್ಞರಿಂದಲೇ ಕಡಿಸಬೇಕು, ಕೊಳವೆಗಳ ನೀರನ್ನು ಪೂರ್ತಿ ಬಸಿಯಬೇಕು, ಸುತ್ತ ಕಟ್ಟಿದ ಮರದ ಜಗಲಿ ಮತ್ತು ಅಡಿಯ ಮರೆಹಲಗೆಗಳನ್ನು ಬಿಚ್ಚಿಸಬೇಕು. ಈ ಕೆಲಸಗಳಲ್ಲಿ ಯಾವುದನ್ನು ಪಾರ್ಕಿನ ಸಿಬ್ಬಂದಿಯೇ ಮಾಡಬೇಕೆಂಬ ಷರತ್ತಿದೆ, ಅದಕ್ಕೆ ಎಷ್ಟು ಶುಲ್ಕ ಎಂಬುದನ್ನು ಮುಂಚಿತವಾಗಿ ಕೇಳಿ ತಿಳಿಯಬೇಕು.

5. ನೋಟಿಸು ಮತ್ತು ಅಂತಿಮ ಲೆಕ್ಕ
ದಾರಿ ಗೊತ್ತಾಗಿ, ಕೊಳ್ಳುವವರೋ ಸಾಗಿಸುವವರೋ ದಿನಾಂಕ ಕೊಟ್ಟ ನಂತರವೇ ಲೈಸೆನ್ಸ್ ಕೊನೆಗೊಳಿಸುವ ನೋಟಿಸನ್ನು ನೀಡಬೇಕು. ಬೇಸರದ ಭರದಲ್ಲಿ ಮೊದಲೇ ನೀಡಿದರೆ, ಪಿಚ್ ಕೈತಪ್ಪುವ ದಿನ ಹತ್ತಿರವಾದಂತೆ ಚೌಕಾಸಿಯ ಬಲವೆಲ್ಲ ಎದುರು ಪಕ್ಷಕ್ಕೆ ಸೇರುತ್ತದೆ. ಕ್ಯಾರವಾನನ್ನು ಅಲ್ಲೇ ಬಿಟ್ಟು ಕೈತೊಳೆದುಕೊಳ್ಳುವುದಂತೂ ಪರಿಹಾರವಲ್ಲ: ಬಾಕಿ ಬೆಳೆಯುತ್ತದೆ, ಮೇಲಾಗಿ, ತೆಗೆದುಕೊಂಡು ಹೋಗದ ವಸ್ತುಗಳನ್ನು ತಕ್ಕ ಸೂಚನೆಯ ಬಳಿಕ ಮಾರಲು 1977ರ ಕಾಯ್ದೆಯೊಂದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅವಕಾಶ ಕೊಡುತ್ತದೆ. ನೀರು, ವಿದ್ಯುತ್ತಿನ ಮೀಟರ್ ಅಂಕಿಗಳ ಚಿತ್ರ ತೆಗೆದಿಟ್ಟು, ಬಾಕಿ ಇಲ್ಲವೆಂಬ ಪತ್ರ ಪಡೆದು, ಒಡೆತನ ವರ್ಗವಾಗುವ ದಿನದವರೆಗೆ ವಿಮೆಯನ್ನು ಚಾಲ್ತಿಯಲ್ಲಿಡಬೇಕು.

6. ತಕರಾರು ಬಂದರೆ
ಮೊದಲ ದೂರು ಪಾರ್ಕಿಗೆ ಬರಹದಲ್ಲಿ ಹೋಗಬೇಕು. ಪಾರ್ಕು ನ್ಯಾಷನಲ್ ಕ್ಯಾರವಾನ್ ಕೌನ್ಸಿಲ್ ಅಥವಾ ಬ್ರಿಟಿಷ್ ಹಾಲಿಡೇ ಅಂಡ್ ಹೋಮ್ ಪಾರ್ಕ್ಸ್ ಅಸೋಸಿಯೇಷನ್ ಎಂಬ ಉದ್ಯಮ ಸಂಘಗಳ ಸದಸ್ಯತ್ವ ಹೊಂದಿದ್ದರೆ ಆ ಸಂಘಕ್ಕೂ ಬರೆಯಬಹುದು. ಸಿಟಿಜನ್ಸ್ ಅಡ್ವೈಸ್ ಸಂಸ್ಥೆ ಉಚಿತ ಸಲಹೆ ನೀಡುತ್ತದೆ. 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ ಅನ್ಯಾಯದ ಷರತ್ತು ಗ್ರಾಹಕರನ್ನು ಬಂಧಿಸುವುದಿಲ್ಲ. ಆದರೆ ಷರತ್ತು ಕಠಿಣವಾಗಿದೆ ಎಂದ ಮಾತ್ರಕ್ಕೆ ಅದು ಅನ್ಯಾಯವೆನಿಸುವುದಿಲ್ಲ, ಅದನ್ನು ಅಂತಿಮವಾಗಿ ತೀರ್ಮಾನಿಸುವುದು ನ್ಯಾಯಾಲಯ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ಹಣದ ವ್ಯಾಜ್ಯವನ್ನು ಸಾಮಾನ್ಯವಾಗಿ 10,000 ಪೌಂಡಿನವರೆಗೆ ಸಣ್ಣ ದಾವೆಗಳ ಸರಳ ವಿಧಾನದಲ್ಲಿ ಹೂಡಬಹುದು. ಅಲ್ಲಿ ನೆರವಿಗೆ ಬರುವುದು ಕೊಳ್ಳುವ ದಿನ ಮಾರಾಟಗಾರರು ಆಡಿದ ಮಾತಲ್ಲ, ಮೊದಲ ಹೆಜ್ಜೆಯಿಂದ ಜೋಡಿಸುತ್ತ ಬಂದ ಕಾಗದಪತ್ರಗಳು.