ಹೊಲಿಗೆ ಮಾಗುವವರೆಗೆ ಓಟ ಬೇಡ

ನಿಮ್ಮ ಮುಧೋಳ ಹೆಣ್ಣುನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ್ದೀರಾ? ಮೊದಲ ರಾತ್ರಿ ಹತ್ತಿರವೇ ಇರಿ. ಈ ತಳಿಯ ಮೈಯಲ್ಲಿ ಕೊಬ್ಬು ಕಡಿಮೆ. ಅರಿವಳಿಕೆ ಕೊಟ್ಟ ಮೇಲೆ ಮೈ ಬೇಗ ತಣ್ಣಗಾಗುತ್ತದೆ, ಮಂಪರು ಬಿಡಲೂ ಹೊತ್ತು ಹಿಡಿಯಬಹುದು. ಗಾಳಿ ಬಡಿಯದ ಕಡೆ ಕೌದಿ ಹಾಸಿ ಮಲಗಿಸಿ. ಪೂರ್ತಿ ಎಚ್ಚರವಾದ ಮೇಲಷ್ಟೇ ನೀರು, ಆಮೇಲೆ ತುಸು ಮೆತ್ತನೆಯ ಅನ್ನ.

ಮುಂದಿನ 10ರಿಂದ 14 ದಿನವೇ ಕಷ್ಟದ್ದು. ಮೊಲ ಕಂಡರೆ ಕಬ್ಬಿನ ಹೊಲಕ್ಕೆ ನುಗ್ಗುವ ಜಾತಿ ಇದು! ಮೂರನೇ ದಿನಕ್ಕೇ ಗೆಲುವಾಗಿ ಕುಣಿದರೂ ಒಳಗಿನ ಹೊಲಿಗೆ ಮಾಗಿರುವುದಿಲ್ಲ. ಹೊರಗೆ ಕರೆದೊಯ್ಯುವಾಗ ಹಗ್ಗ ಕೈಯಲ್ಲೇ ಇರಲಿ. ಗಾಯ ನೆಕ್ಕದಂತೆ ಕೊರಳಿಗೆ ಕೋನ್ ಹಾಕಿ. ಸಪೂರ ತಲೆಯಿಂದ ಅದು ಜಾರಿದರೆ ಹಳೆಯ ಹತ್ತಿ ಬನಿಯನ್ ತೊಡಿಸಿ, ದಿನಾ ಅದನ್ನು ಬದಲಿಸಿ ಒಗೆದದ್ದನ್ನು ಹಾಕಿ.

ಸ್ನಾನ ಬೇಡ. ಗಾಯಕ್ಕೆ ಅರಿಶಿನ, ಬೂದಿ, ಸುಣ್ಣ ಹಚ್ಚಬೇಡಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಗುಳಿಗೆ ಕೊಡಲೇಬೇಡಿ. ನಾಯಿಗೆ ಅವು ವಿಷವಾಗಬಲ್ಲವು. ದಿನಕ್ಕೆ ಎರಡು ಸಲ ಗಾಯ ನೋಡಿ. ಕೀವು, ಕೆಟ್ಟ ವಾಸನೆ, ಹೆಚ್ಚುವ ಬಾವು, ಬಿಳಚಿದ ಒಸಡು, ನಿಲ್ಲದ ವಾಂತಿ ಕಂಡರೆ ಅಥವಾ 24 ಗಂಟೆ ಕಳೆದರೂ ಉಣ್ಣದಿದ್ದರೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಬಳಿಗೇ ಹೋಗಿ. ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ, ನೀವು ಎಲ್ಲೇ ಇರಿ, ಪಶು ಸಹಾಯವಾಣಿ 1962 ನೆನಪಿರಲಿ. ತಳಿಯ ಬಗ್ಗೆ ಕೇಳಬೇಕಿದ್ದರೆ ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವಿದೆ.

ಈ ಶಸ್ತ್ರಚಿಕಿತ್ಸೆಯಾದ ನಾಯಿಗೆ ತೂಕ ಬೇಗ ಏರುತ್ತದೆ. ವೈದ್ಯರು ಒಪ್ಪಿದ ಮೇಲೆ ಓಟವನ್ನು ನಿಧಾನಕ್ಕೆ ಹೆಚ್ಚಿಸಿ, ರೊಟ್ಟಿ ಒಂದು ತುಣುಕು ಕಡಿಮೆ ಹಾಕಿ.