ಸುಟ್ಟ ಗಾಯಕ್ಕೆ ಬಾಳೆ ಎಲೆಯ ಪಟ್ಟಿ

ಒಲೆ, ಬಚ್ಚಲ ಹಂಡೆ, ದೀಪಾವಳಿ ಪಟಾಕಿ ಇರುವ ಊರಿನಲ್ಲಿ ಸುಟ್ಟ ಗಾಯ ಕಾಣದವರು ಯಾರಿದ್ದೀರಿ? 'ಗಾಯಕ್ಕೆ ಗಾಳಿ ಆಡ್ಲಿ, ಒಣಗಿ ಹಕ್ಕಳೆ ಕಟ್ಲಿ' ಅಂತ ನಮ್ಮಜ್ಜಿ ಹೇಳ್ತಾರೆ. ಅಜ್ಜಿಯ ಮೇಲೆ ಗೌರವ ಇಟ್ಟುಕೊಂಡೇ ಬೇರೆ ಮಾತು ಬರೆಯುತ್ತಿದ್ದೇನೆ.

1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಚರ್ಮದ ಮೇಲೆ ಸಣ್ಣ ಗಾಯ ಮಾಡಿ, ಕೆಲವನ್ನು ಗಾಳಿಗೆ ಬಿಟ್ಟರು, ಕೆಲವನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿದರು. (ಹಂದಿಯೇ ಯಾಕೆ ಅಂದರೆ ಅದರ ಚರ್ಮ ನಮ್ಮ ಚರ್ಮವನ್ನು ಹೋಲುತ್ತದೆ. ನಗಬೇಡಿ.) ಮುಚ್ಚಿದ ಗಾಯದಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಬಂತು. ಹೊಸ ಜೀವಕೋಶಗಳು ಗಾಯದ ಮೇಲೆ ತೆವಳಿಕೊಂಡು ಹರಡಬೇಕು. ತೇವ ಇದ್ದರೆ ಸಲೀಸಾಗಿ ಹೋಗ್ತವೆ. ಗಟ್ಟಿ ಹಕ್ಕಳೆ ಇದ್ದರೆ ಅದರ ಅಡಿಗೆ ತೂರಿಕೊಂಡು ಹೋಗಬೇಕು, ತಡವಾಗುತ್ತದೆ.

ಆದರೆ ಬರೀ ಹತ್ತಿಬಟ್ಟೆ ಕಟ್ಟಿದರೆ ಅದು ಗಾಯಕ್ಕೆ ಅಂಟುತ್ತದೆ, ಬಿಚ್ಚುವಾಗ ಹೊಸ ಚರ್ಮವೂ ಕಿತ್ತು ಬರುತ್ತದೆ. ನಮ್ಮ ಅತ್ತಿಗೆಯ ಕೈಮೇಲೆ ಗಂಜಿ ಚೆಲ್ಲಿದ್ದಾಗ, ಪಟ್ಟಿ ಬಿಚ್ಚುವ ದಿನ ಅವರು ಕೂಗಿದ್ದು ಬೀದಿಗೆಲ್ಲ ಕೇಳಿತ್ತು. ಈಗ ಗಾಯದ ನೀರನ್ನು ಹೀರಿ ಲೋಳೆಯಂತಾಗುವ ಹೈಡ್ರೊಕೊಲಾಯ್ಡ್ ಪಟ್ಟಿ, ರೋಗಾಣು ಕೊಲ್ಲುವ ಬೆಳ್ಳಿ ಸೇರಿಸಿದ ಪಟ್ಟಿ ಎಲ್ಲ ಇವೆ. ಬೆಲೆ ಮಾತ್ರ ನಮ್ಮಂಥವರಿಗೆ ಭಾರ.

ನನಗೆ ತುಂಬಾ ಹಿಡಿಸಿದ್ದು ಮುಂಬಯಿ ವೈದ್ಯರ ಕೆಲಸ. ಡಾ. ಕೇಸ್ವಾನಿಯವರು ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಿಂದ ಪಟ್ಟಿ ಮಾಡಿ ಸುಟ್ಟ ಗಾಯಕ್ಕೆ ಕಟ್ಟಿ, 1985ರಲ್ಲಿ ವರದಿ ಬರೆದರು. 2003ರಲ್ಲಿ ಅದೇ ಊರಿನ ಇನ್ನಿಬ್ಬರು ಬಾಳೆ ಎಲೆಯ ಪಟ್ಟಿಯ ಬಗ್ಗೆ ವರದಿ ಮಾಡಿದರು. ನಾವು ಊಟ ಮಾಡುವ ಅದೇ ಎಲೆ! ಮೇಣದಂಥ ನುಣುಪಿರುವುದರಿಂದ ಗಾಯಕ್ಕೆ ಅಂಟುವುದಿಲ್ಲ, ತೇವವೂ ಆರುವುದಿಲ್ಲ. ಹಾಗಂತ ಹಿತ್ತಲಿಂದ ಕೊಯ್ದು ಕಟ್ಟೀರಿ ಜೋಕೆ! ಆಸ್ಪತ್ರೆಯಲ್ಲಿ ಕಟ್ಟುವುದು ರೋಗಾಣು ಇಲ್ಲದಂತೆ ಶುದ್ಧ ಮಾಡಿದ ಎಲೆ.

ಇನ್ನು ಕಲೆಯ ವಿಷಯ. ಮೂರು ವಾರದೊಳಗೆ ಮಾಗಿದ ಗಾಯಕ್ಕೆ ಉಬ್ಬು ಕಲೆ ಬರುವುದು ಕಡಿಮೆ. ತಡವಾದರೆ ಕಲೆ ದಪ್ಪವಾಗುತ್ತದೆ. ಬೆರಳಿನ ಗೆಣ್ಣಿಗೋ ಮೊಣಕೈಗೋ ಆದರೆ ಚರ್ಮ ಬಿಗಿದು ಕೈ ಮಡಚಿಕೊಂಡೇ ಉಳಿಯಬಹುದು. ಅಂಥವರಿಗೆ ಸಿಲಿಕೋನ್ ಹಾಳೆ, ಮೈಗೆ ಬಿಗಿಯಾಗುವ ಉಡುಪು ಕೊಡ್ತಾರೆ. ತಿಂಗಳುಗಟ್ಟಲೆ ಹಾಕಿಕೊಳ್ಳಬೇಕು.

ಸುಟ್ಟ ಕೂಡಲೇ ಮಾಡಬೇಕಾದದ್ದು: 20 ನಿಮಿಷ ಗಾಯದ ಮೇಲೆ ತಣ್ಣೀರು ಹರಿಯಬೇಕು. ಬೋರಿಂಗ್ ಒತ್ತಲು ಒಬ್ಬರನ್ನು ಕರೆಯಿರಿ. ಊದಿಕೊಳ್ಳುವ ಮೊದಲೇ ಬಳೆ, ಉಂಗುರ ತೆಗೆಯಿರಿ. ಶಾಯಿ, ಟೂತ್‌ಪೇಸ್ಟ್, ಸಗಣಿ ಯಾವುದೂ ಬೇಡ. ಬೊಬ್ಬೆ ಒಡೆಯಬೇಡಿ. ಒಗೆದ ಬಟ್ಟೆ ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.