ಮನೆಗೆ ಬಂದ ಕಚೇರಿ

೨೦೨೦ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ಕೋವಿಡ್ ವ್ಯಾಧಿಯ ನಿಮಿತ್ತ ಮುಂಬಯಿಯ ಲೋಕಲ್ ಗಾಡಿಗಳು ನಿಂತುಹೋದುವು. ಮುಂಬ್ರಾ, ದಿವಾ, ಡೊಂಬಿವಲಿಗಳಿಂದ ದಿನವೂ ಗಾಡಿ ಹಿಡಿದು ದುಡಿಯಲು ಹೋಗುತ್ತಿದ್ದವರು ಮನೆಯಲ್ಲಿಯೇ ಉಳಿಯಬೇಕಾಯಿತು. ಅವರಲ್ಲಿ ಕೈಕೆಲಸದವರಿಗೆ ಕೂಲಿಯೇ ತಪ್ಪಿತು; ಲೆಕ್ಕಪತ್ರ, ಬ್ಯಾಂಕು, ಗಣಕಯಂತ್ರಗಳ ಕೆಲಸದವರಿಗಾದರೋ ಕಚೇರಿಯೇ ಮನೆಗೆ ನಡೆದು ಬಂದಿತು. ವ್ಯಾಧಿ ಇಳಿದ ಮೇಲೂ ಅನೇಕ ಸಂಸ್ಥೆಗಳು ವಾರದಲ್ಲಿ ಕೆಲವು ದಿನ ಈ ಪದ್ಧತಿಯನ್ನು ಉಳಿಸಿಕೊಂಡಿವೆ. ವಿದ್ಯಾರ್ಥಿಗಳೇ, ನಿಮ್ಮ ಅಣ್ಣನೋ ಅಕ್ಕನೋ ಮಂಚದ ಅಂಚಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಐರೋಲಿಯ ಕಚೇರಿಯ ಕೆಲಸ ಮಾಡುವುದನ್ನು ನೀವು ಕಂಡಿರಬಹುದು. ಆ ಕೆಲಸಕ್ಕೆ ಒದಗುವ ಅಪಾಯಗಳಾವುವು, ಅದೇ ಕೋಣೆಯಲ್ಲಿ ಕುಳಿತು ಪಾಠ ಓದುವ ನಿಮಗೂ ಅದರಲ್ಲಿ ಪಾಲುಂಟೇ ಎಂಬುದನ್ನು ಇಲ್ಲಿ ವಿಚಾರಿಸೋಣ.

ಕಚೇರಿಯ ಬಾಗಿಲಲ್ಲಿ ಕಾವಲುಗಾರನುಂಟು. ಗುರುತಿನ ಚೀಟಿ ತೋರದವರನ್ನು ಅವನು ಒಳಗೆ ಬಿಡುವುದಿಲ್ಲ. ಅಲ್ಲಿಯ ಗಣಕಯಂತ್ರಗಳನ್ನು ನೋಡಿಕೊಳ್ಳಲು ಬೇರೆ ನೌಕರರುಂಟು. ಇವೆರಡಕ್ಕಿಂತಲೂ ದೊಡ್ಡ ರಕ್ಷಣೆಯೆಂದರೆ ಪಕ್ಕದ ಮೇಜಿನವನು. "ಇಂಥದೊಂದು ಪತ್ರ ಬಂದಿದೆ, ನಿನಗೂ ಬಂದಿದೆಯೇ?" ಎಂದು ಅವನನ್ನು ಕೇಳಿದ ಮಾತ್ರಕ್ಕೆ ಎಷ್ಟೋ ಮೋಸಗಳು ಬಯಲಾಗುತ್ತವೆ. ಮನೆಯಲ್ಲಿ ಕಾವಲುಗಾರನ ಕೆಲಸವನ್ನು ಯಂತ್ರದಿಂದ ತಕ್ಕಮಟ್ಟಿಗೆ ಮಾಡಿಸಬಹುದು. ಪಕ್ಕದ ಮೇಜಿನವನು ಮಾತ್ರ ಸಿಕ್ಕುವುದಿಲ್ಲ.

ಯಂತ್ರದ ಮಾತನ್ನು ಮೊದಲು ಮುಗಿಸೋಣ. ಮನೆಯಿಂದ ಕಚೇರಿಗೆ ಹೋಗುವ ಮಾಹಿತಿ ಅನ್ಯರ ತಂತಿಗಳನ್ನೂ ಅನ್ಯರ ಯಂತ್ರಗಳನ್ನೂ ದಾಟಿ ಹೋಗಬೇಕು. ನಡುದಾರಿಯಲ್ಲಿ ಯಾರೂ ಓದದಂತೆ ಅದನ್ನು ಗೂಢಲಿಪಿಗೆ ತಿರುಗಿಸಿ ಕಳುಹಿಸುವ ಏರ್ಪಾಡಿಗೆ ವಿಪಿಎನ್ ಎಂದು ಹೆಸರು. ನಮ್ಮ ಮುಂಬ್ರಾದ ಪಾರ್ಸಿಕ್ ಬೆಟ್ಟದ ಸುರಂಗವನ್ನು ನೆನೆಯಿರಿ. ೧೯೧೬ರಲ್ಲಿ ತೆರೆದ, ಒಂದೂಕಾಲು ಕಿಲೋಮೀಟರಿಗೂ ಮಿಕ್ಕ ಉದ್ದದ ಆ ಸುರಂಗವನ್ನು ಗಾಡಿ ಹೊಕ್ಕಿತೆಂದರೆ ಬೆಟ್ಟದ ಮೇಲೆ ನಿಂತವನಿಗೆ ಅದು ಕಾಣುವುದಿಲ್ಲ. ವಿಪಿಎನ್ ಸಹ ಅಂಥದೇ ಸುರಂಗ. ಆದರೆ ಕಳ್ಳನು ಹಿಂದಿನ ನಿಲ್ದಾಣದಲ್ಲಿಯೇ ಗಾಡಿ ಹತ್ತಿದ್ದರೆ ಸುರಂಗವೇನು ಮಾಡೀತು? ಅವನೂ ಗಾಡಿಯೊಡನೆ ಆಚೆಯ ಬದಿಯಲ್ಲಿ ಸುಖವಾಗಿ ಹೊರಬೀಳುತ್ತಾನೆ. ಮನೆಯ ಗಣಕಯಂತ್ರವೇ ಆ ಹಿಂದಿನ ನಿಲ್ದಾಣ.

ಹಾಗೆ ಹತ್ತಿದ ಕಳ್ಳರ ಸಂಗತಿಯೊಂದು ೨೦೨೨ರಲ್ಲಿ ಅಮೆರಿಕದಲ್ಲಿ ನಡೆಯಿತು. ಲಾಸ್ಟ್‌ಪಾಸ್ ಎಂಬ ಸಂಸ್ಥೆಯ ವ್ಯವಹಾರವೇ ಜನರ ಪಾಸ್‌ವರ್ಡುಗಳನ್ನು ಪೆಟ್ಟಿಗೆಯಲ್ಲಿಟ್ಟಂತೆ ಕಾಪಾಡುವುದು. ಅದರ ಭಂಡಾರದ ಕೀಲಿ ನಾಲ್ವರು ಇಂಜಿನಿಯರುಗಳ ಕೈಯಲ್ಲಿ ಮಾತ್ರ ಇದ್ದಿತು. ಕಳ್ಳರು ಅವರಲ್ಲೊಬ್ಬರ ಮನೆಯ ಗಣಕಯಂತ್ರವನ್ನು ಗುರಿಮಾಡಿಕೊಂಡರು. ಅದರಲ್ಲಿ ಚಲನಚಿತ್ರ, ಸಂಗೀತಗಳಿಗಾಗಿ ಹಾಕಿಕೊಂಡ ಪ್ಲೆಕ್ಸ್ ಎಂಬ ತಂತ್ರಾಂಶವಿತ್ತು. ಅದರ ಒಂದು ದೋಷವನ್ನು ತಯಾರಕರು ೨೦೨೦ರಲ್ಲಿಯೇ ತಿದ್ದಿ ಹೊಸ ಆವೃತ್ತಿ ಹೊರಡಿಸಿದ್ದರು. ಇಲ್ಲಿ ಹಳೆಯದೇ ಉಳಿದಿತ್ತು. ಆ ಬಿರುಕಿನಿಂದ ಒಳಹೊಕ್ಕ ಕಳ್ಳರು, ಒತ್ತಿದ ಪ್ರತಿಯೊಂದು ಅಕ್ಷರವನ್ನೂ ಬರೆದುಕೊಳ್ಳುವ ಗೂಢಚಾರ ತಂತ್ರಾಂಶವನ್ನಿಟ್ಟು, ಇಂಜಿನಿಯರು ಪಾಸ್‌ವರ್ಡ್ ಒತ್ತುವುದನ್ನೇ ಕಾದರು. ಗ್ರಾಹಕರ ಪೆಟ್ಟಿಗೆಗಳ ನಕಲು ಅವರ ಪಾಲಾಯಿತು. "ಅಪ್‌ಡೇಟ್ ಮಾಡಿರಿ" ಎಂಬ ಸೂಚನೆ ಬಂದಾಗಲೆಲ್ಲ "ನಾಳೆ" ಎಂದು ಒತ್ತುವವರು ಈ ಎರಡು ವರ್ಷಗಳ ಲೆಕ್ಕವನ್ನು ಗಮನಿಸಬೇಕು.

ದೂರದ ಅಮೆರಿಕವೇಕೆ, ನಮ್ಮ ಬೆಂಗಳೂರಿನಲ್ಲಿಯೇ ೨೦೨೫ರ ಜುಲೈ ತಿಂಗಳಿನಲ್ಲಿ ಕಾಯಿನ್‌ಡಿಸಿಎಕ್ಸ್ ಎಂಬ ಕ್ರಿಪ್ಟೋ ವಿನಿಮಯ ಸಂಸ್ಥೆಯಿಂದ ಸುಮಾರು ೪ ಕೋಟಿ ೪೦ ಲಕ್ಷ ಡಾಲರುಗಳಷ್ಟು ಬೆಲೆಯ ಸೊತ್ತು ಕಳುವಾಯಿತು. ಕಚೇರಿಯ ಕೆಲಸಕ್ಕೆಂದು ಕೊಟ್ಟ ಲ್ಯಾಪ್‌ಟಾಪಿನಲ್ಲಿ ನೌಕರನೊಬ್ಬನು ಅಪರಿಚಿತರ ಬಿಡಿ ಕೆಲಸಗಳನ್ನೂ ಮಾಡುತ್ತಿದ್ದನೆಂದೂ, ಆ ದಾರಿಯಿಂದಲೇ ಕಳ್ಳ ತಂತ್ರಾಂಶ ಒಳಬಂದಿರಬೇಕೆಂದೂ ಪೊಲೀಸರು ಶಂಕಿಸಿದರು. ಆತನ ತಪ್ಪೆಷ್ಟು ಎಂಬುದು ನ್ಯಾಯಾಲಯದ ವಿಷಯ. ನಮಗೆ ಬೇಕಾದುದು ಇಷ್ಟೇ: ಅಣ್ಣನ ಕಚೇರಿಯ ಲ್ಯಾಪ್‌ಟಾಪಿನಲ್ಲಿ ನೀವು ಪುಕ್ಕಟೆಯ ಆಟವೊಂದನ್ನು ಇಳಿಸಿಕೊಂಡರೂ ಕಳ್ಳನಿಗೆ ಅದೇ ಬಾಗಿಲು ತೆರೆಯಬಹುದು. ಆಗ ಕೆಲಸ ಹೋಗುವುದು ಆಟವಾಡಿದವನದಲ್ಲ, ಮನೆಯ ಬಾಡಿಗೆ ಕಟ್ಟುವವನದು.

ಇನ್ನು ಪಕ್ಕದ ಮೇಜಿನವನ ಮಾತು. ಇಂದು ಎಕ್ಸ್ ಎಂದು ಕರೆಯುವ ಟ್ವಿಟರ್ ಸಂಸ್ಥೆಯ ನೌಕರರು ೨೦೨೦ರಲ್ಲಿ ಮನೆಗಳಿಂದ ದುಡಿಯುತ್ತಿದ್ದರು. ಅಷ್ಟೊಂದು ಜನ ಒಮ್ಮೆಗೇ ವಿಪಿಎನ್ ಬಳಸಿದ್ದರಿಂದ ಅದು ಮೇಲಿಂದ ಮೇಲೆ ಕೈಕೊಡುತ್ತಿತ್ತು. ಜುಲೈ ತಿಂಗಳ ಮಧ್ಯದಲ್ಲಿ ಕೆಲವು ನೌಕರರಿಗೆ ದೂರವಾಣಿ ಕರೆ ಬಂದಿತು: "ನಾವು ಕಚೇರಿಯ ತಾಂತ್ರಿಕ ವಿಭಾಗದವರು, ನಿಮ್ಮ ವಿಪಿಎನ್ ತೊಂದರೆ ಸರಿಪಡಿಸುತ್ತೇವೆ." ತೊಂದರೆಯೇನೋ ನಿಜವಾಗಿಯೂ ಇತ್ತು; ಮೋಸದ ಬಲವೆಲ್ಲ ಅಲ್ಲಿಯೇ ಇದೆ. ಕರೆ ಮಾಡಿದವರು ತೋರಿಸಿದ ಪುಟವು ಸಂಸ್ಥೆಯ ಪುಟದಂತೆಯೇ ಇತ್ತು. ಕೆಲವರು ಸಂಶಯಪಟ್ಟು ಸಂಸ್ಥೆಗೆ ತಿಳಿಸಿದರು; ಆದರೆ ನಂಬಿದವರೂ ಇದ್ದರು. ಅಲ್ಲಿ ಒತ್ತಿದ ಪಾಸ್‌ವರ್ಡ್ ಅದೇ ಕ್ಷಣದಲ್ಲಿ ನಿಜವಾದ ಬಾಗಿಲನ್ನು ತೆರೆಯಿತು. ಜುಲೈ ೧೫ರಂದು ಬರಾಕ್ ಒಬಾಮಾ, ಬಿಲ್ ಗೇಟ್ಸ್ ಮೊದಲಾದವರ ಹೆಸರಿನಿಂದಲೇ "ಬಿಟ್‌ಕಾಯಿನ್ ಕಳುಹಿಸಿರಿ, ಇಮ್ಮಡಿ ಕೊಡುತ್ತೇವೆ" ಎಂಬ ಸಂದೇಶಗಳು ಹೊರಟುವು. ನಂಬಿದ ಜನ ಕಳೆದುಕೊಂಡದ್ದು ಒಂದು ಲಕ್ಷ ಡಾಲರಿಗೂ ಹೆಚ್ಚು. ಮುಖ್ಯ ಸೂತ್ರಧಾರನು ಫ್ಲಾರಿಡಾದ ೧೭ ವರ್ಷದ ಹುಡುಗ. ೨೦೨೧ರಲ್ಲಿ ಅವನಿಗೆ ಮೂರು ವರ್ಷಗಳ ಸೆರೆವಾಸವಾಯಿತು.

ನಾನು ಓದಿದ ಹಳ್ಳಿಯಲ್ಲಿ ಅಂಚೆಯವನು ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಯಾರ ಮಗನ ಕಾಗದವೆಂದು ಹೇಳುತ್ತಿದ್ದನು. ಇ-ಅಂಚೆಯ ಅಕ್ಷರಕ್ಕೆ ಅಂಥ ಗುರುತಿಲ್ಲ. ಕಳುಹಿಸಿದವರ ಹೆಸರನ್ನು ಯಾರು ಬೇಕಾದರೂ ಹಾಕಬಹುದು. ಈಚೆಗೆ ಧ್ವನಿಯನ್ನೂ ಯಂತ್ರವು ಅನುಕರಿಸುತ್ತದೆ. ಆದುದರಿಂದ ಅವಸರಪಡಿಸುವ ಕರೆ ಬಂದರೆ ಅದನ್ನು ಕತ್ತರಿಸಿ, ಮೊದಲೇ ಬರೆದಿಟ್ಟುಕೊಂಡ ಕಚೇರಿಯ ಸಂಖ್ಯೆಗೆ ತಾವಾಗಿ ಕರೆಮಾಡಿ ಕೇಳಬೇಕು. ಮನೆಯಲ್ಲಿ ಪಕ್ಕದ ಮೇಜಿಗೆ ಇದೊಂದೇ ಬದಲಿ. ಹಣವೇ ಹೋಗಿದ್ದರೆ ೧೯೩೦ ಎಂಬ ಸಂಖ್ಯೆಗೆ ತಡಮಾಡದೆ ತಿಳಿಸಿದಲ್ಲಿ, ಕಳ್ಳನ ಖಾತೆಯಿಂದ ಅದು ಮುಂದೆ ಸಾಗುವ ಮೊದಲೇ ಬ್ಯಾಂಕಿನವರು ತಡೆಯುವ ಸಂಭವವುಂಟು.

ರೂಟರಿನ ವಿಷಯ ಉಳಿಯಿತು. ಒತ್ತೊತ್ತಾದ ನಮ್ಮ ವಸತಿಗಳಲ್ಲಿ ನೆರೆಯವರಿಗೆ ವೈಫೈ ಪಾಸ್‌ವರ್ಡ್ ಕೊಡುವುದು ಒಂದು ಬಟ್ಟಲು ಸಕ್ಕರೆ ಕೊಟ್ಟಂತೆಯೇ ಆಗಿದೆ. ಪರೀಕ್ಷೆಯ ಕಾಲದಲ್ಲಿ ನೆರೆಮನೆಯ ಮಗುವಿಗೆ ಅದನ್ನು ನಿರಾಕರಿಸಿರೆಂದು ನಾನು ಹೇಳಲಾರೆ. ಅನೇಕ ರೂಟರುಗಳಲ್ಲಿ ಅತಿಥಿಗಳಿಗೆಂದೇ ಪ್ರತ್ಯೇಕ ಜಾಲವನ್ನು ತೆರೆಯಲು ಅನುಕೂಲವಿದೆ. ನೆರೆಯವರಿಗೆ ಅದನ್ನು ಕೊಟ್ಟು, ಕಚೇರಿಯ ಲ್ಯಾಪ್‌ಟಾಪನ್ನು ಇನ್ನೊಂದರಲ್ಲಿ ಇರಿಸಬಹುದು. ಇಂದು ಸಂಜೆ ಹಿರಿಯರ ಅನುಮತಿ ಪಡೆದು ಮನೆಯ ರೂಟರನ್ನು ಮಗುಚಿ ನೋಡಿರಿ. ಅದರ ಬೆನ್ನ ಮೇಲಿನ ಚೀಟಿಯಲ್ಲಿ ಅಚ್ಚಾದ ಪಾಸ್‌ವರ್ಡೇ ಇನ್ನೂ ಬಳಕೆಯಲ್ಲಿದ್ದರೆ, ಮನೆಗೆ ಬಂದ ಅತಿಥಿಗಳೆಲ್ಲರೂ ಅದನ್ನು ಓದಬಲ್ಲರು.